ಕುರನೂರು ಹಿನ್ನೀರಿನಲ್ಲಿ ಹೆಬ್ಬಾತುಗಳ ಸಂಸಾರ: ನನ್ನ ಅನುಭವ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ ಬೋರಿ ನದಿಗೆ ಕಟ್ಟಿರುವ ಕುರನೂರು ಅಣೆಕಟ್ಟಿನ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಅವು ಮೊಟ್ಟೆಯಿಟ್ಟು ಮರಿ ಮಾಡುವುದು ಲಡಾಖ್, ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳ ಬಳಿಯಾದ್ದರಿಂದ ತುಪ್ಪುಳದ ಎಳೆಮರಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಅಲ್ಲಿ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ತಂದೆತಾಯಿಯ ಜೊತೆಗೇ ಹಿಮಾಲಯ ದಾಟಿ ಬಂದು, ಮೊದಲ ಚಳಿಗಾಲವನ್ನು ಅವುಗಳ ಮಗ್ಗುಲಲ್ಲೇ ಕಳೆಯುತ್ತವೆ.

ಇದು ತಿಳಿಯದೆ ಮೊದಲ ವರ್ಷವನ್ನು ನಾನು ಹಿಂಡು ಎಣಿಸುವುದರಲ್ಲೇ ಕಳೆದೆ. ತಲೆಯಲ್ಲಿ ಪಟ್ಟೆಯಿಲ್ಲದ ಹಕ್ಕಿಗಳನ್ನು ಬೇರೆ ಜಾತಿಯವೆಂದು ವಹಿಯಲ್ಲಿ ಬರೆದುಕೊಂಡೆ. ಬೆಳೆದ ಹಕ್ಕಿಯ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುತ್ತವೆ, ಮರಿಗಾದರೋ ನೆತ್ತಿಯಿಂದ ಕತ್ತಿನ ಹಿಂಬದಿಯವರೆಗೆ ಒಂದೇ ಸಮನಾದ ಬೂದುಗಂದು ಬಣ್ಣ. ಮರುವರ್ಷದಿಂದ ಹಿಂಡನ್ನು ಬಿಟ್ಟು, ಪಟ್ಟೆಯಿಲ್ಲದ ಒಂದು ಮರಿಯನ್ನು ಆರಿಸಿಕೊಂಡು ಗಂಟೆಗಟ್ಟಲೆ ಅದನ್ನೇ ನೋಡತೊಡಗಿದೆ. ಡಿಸೆಂಬರ್ ಮತ್ತು ಜನವರಿ ಇದಕ್ಕೆ ತಕ್ಕ ಕಾಲ, ಏಕೆಂದರೆ ಚಳಿಗಾಲ ಸರಿದಂತೆ ಮರಿಗಳಲ್ಲೂ ಪಟ್ಟೆ ಮೂಡತೊಡಗಿ ಗುರುತು ಕಷ್ಟವಾಗುತ್ತದೆ.

ಸೂರ್ಯೋದಯಕ್ಕೆ ಮೊದಲೇ ಜಾಲಿಯ ಮರೆಯಲ್ಲಿ ಕೂತು, 8×42ರ ಬೈನಾಕ್ಯುಲರ್ ಹಿಡಿದು, ಐದು ನಿಮಿಷಕ್ಕೊಮ್ಮೆ ಎರಡೇ ಸಂಗತಿಗಳನ್ನು ಬರೆಯುತ್ತಿದ್ದೆ: ಮರಿಯ ಪಕ್ಕದಲ್ಲಿ ಯಾರಿದ್ದಾರೆ, ತಲೆ ಎತ್ತಿ ನಿಂತವರು ಯಾರು. ಆ ದಂಡೆಯಲ್ಲಿ ಕಡಲೆ ಬಿತ್ತಿದ್ದ ರೈತರೊಬ್ಬರು ಒಂದು ದಿನ ಬಳಿಗೆ ಬಂದರು. ಚಿಗುರು ಮೇಯುವ ಹಕ್ಕಿಗಳ ಮೇಲೆ ಅವರಿಗೆ ಸಿಟ್ಟಿತ್ತು. ಆದರೂ, "ಗುರೂಜಿ, ಎಲ್ಲಾವೂ ಒಮ್ಮೆಗೇ ತಲಿ ತಗ್ಗಸೂದಿಲ್ರಿ, ಒಂದು ಕಾವಲ ಇರ್ತದ" ಎಂದರು. "ಹೌದ್ರಿ ಕಾಕಾ" ಎಂದೆ. ನನ್ನ ವಹಿಯೂ ಅದನ್ನೇ ಹೇಳುತ್ತಿತ್ತು. ಮೂರು ಮರಿಗಳಿದ್ದ ಒಂದು ಸಂಸಾರದಲ್ಲಿ ಸ್ವಲ್ಪ ದಪ್ಪನೆಯ ಹಕ್ಕಿ, ಬಹುಶಃ ಗಂಡು, ಉಳಿದ ನಾಲ್ಕು ಮೇಯುವಾಗ ಹೆಚ್ಚು ಹೊತ್ತು ಕತ್ತು ನಿಗುರಿಸಿ ನಿಂತಿರುತ್ತಿತ್ತು. ಒಂದು ಮರಿಯ ಎಡರೆಕ್ಕೆಯ ಗರಿ ಹೊರಕ್ಕೆ ಬಾಗಿದ್ದುದರಿಂದ ಆ ಐದನ್ನು ದಿನವೂ ಗುರುತಿಸಲಾಯಿತು.

ಜನವರಿಯ ಒಂದು ಬೆಳಿಗ್ಗೆ ಮರಿಗಳಿಲ್ಲದ ಜೋಡಿಯೊಂದು ನೀರಂಚಿನ ಹಸಿರು ಹುಲ್ಲಿಗೆ, ಈ ಸಂಸಾರ ಮೇಯುತ್ತಿದ್ದಲ್ಲಿಗೇ, ಬಂತು. ಗಂಡು ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿ, ಕೊಕ್ಕು ತೆರೆದು ಬುಸುಗುಡುತ್ತ ನುಗ್ಗಿತು. ಬಂದವು ಹಿಂದೆ ಸರಿದವು. ಅದು ತಿರುಗಿ ಬರುತ್ತಲೇ ಹೆಣ್ಣೂ ಮೂರು ಮರಿಗಳೂ ಎದುರು ಓಡಿ, ಐದೂ ಕತ್ತುಗಳನ್ನು ಒಂದರ ಪಕ್ಕ ಒಂದು ಚಾಚಿ ಒಟ್ಟಿಗೆ ಕೂಗಿದವು. ಬೂದು ಹೆಬ್ಬಾತುಗಳಲ್ಲಿ ಈ ಗೆಲುವಿನ ಕೂಗನ್ನು ವಿವರಿಸಿದವರಲ್ಲಿ 1973ರಲ್ಲಿ ನೊಬೆಲ್ ಪಡೆದ ಆಸ್ಟ್ರಿಯಾದ ಕೋನ್ರಾಡ್ ಲೊರೆಂಟ್ಸ್ ಪ್ರಮುಖರು. ಓದಿ ತಿಳಿದಿದ್ದರೂ, ಮರಿಗಳ ಸಣ್ಣ ದನಿ ದೊಡ್ಡವುಗಳ ದನಿಯೊಳಗೆ ಸೇರಿದ್ದನ್ನು ಕೇಳಿದಾಗ ನನ್ನ ಕಣ್ಣು ತೇವವಾಯಿತು.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಇನ್ನೂ ಹತ್ತಿರದಿಂದ ನೋಡುವ ಆಸೆಗೆ ಒಂದು ದಿನ ಜಾಲಿಯ ಮರೆ ಬಿಟ್ಟು ಎದ್ದೆ. ಇಡೀ ಹಿಂಡು ಹಾರಿತು. ಮತ್ತೆ ಇಳಿದಾಗ ಬಾಗಿದ ಗರಿಯ ಮರಿ ಒಂಟಿಯಾಗಿತ್ತು. ಅದು ಕೂಗುತ್ತ ಹಿಂಡಿನ ನಡುವೆ ನಡೆಯಿತು, ಬೇರೆ ಸಂಸಾರದವು ಅದನ್ನು ಕುಕ್ಕಿ ಓಡಿಸಿದವು. ಹನ್ನೊಂದು ನಿಮಿಷ ಕಳೆದ ಮೇಲೆ ದಂಡೆಯ ಆಚೆ ಬದಿಯಿಂದ ಉತ್ತರದ ಕೂಗು ಬಂತು, ಮರಿ ಅತ್ತ ಓಡಿತು. ಅಂದಿನಿಂದ ಹಿಂಡು ಮೇಯುತ್ತಿರುವವರೆಗೆ ನಾನು ಕೂತಲ್ಲಿಂದ ಏಳುವುದಿಲ್ಲ.

ಮಾರ್ಚ್ ಮೊದಲ ವಾರದ ಒಂದು ಸಂಜೆ ಗಂಡು ಮತ್ತೆ ಮತ್ತೆ ತಲೆ ಕೊಡವಿತು, ಹೆಣ್ಣೂ ಕೊಡವಿತು, ಮರಿಗಳೂ. ಐದೂ ಒಟ್ಟಿಗೆ ಎದ್ದು ಉತ್ತರಕ್ಕೆ ತಿರುಗಿದವು. ಮರುದಿನ ದಂಡೆ ಖಾಲಿಯಿತ್ತು.