ಮೀಟರ್ ಕಿತ್ತು ಹಾಕಿದ ಮೇಲೆ ಆಟ ಕುದುರಿತು

ಲಾಕ್‌ಡೌನ್ ಮೇಲೆ ಗೇಮ್ ಮಾಡ್ತೀನಿ ಅಂದಾಗ ಗೆಳೆಯರೆಲ್ಲ ಒಂದೇ ಮಾತು ಹೇಳಿದರು. "ಜನ ಅದನ್ನ ಮರೆಯೋಕೆ ಒದ್ದಾಡ್ತಿದ್ದಾರೆ, ನೀನು ದುಡ್ಡು ಇಸ್ಕೊಂಡು ನೆನಪು ಮಾಡ್ತೀಯಾ? ಅದೂ ಕನ್ನಡದಲ್ಲಿ?" ಈಗ ಜನ ಕೊನೇ ದಿನದವರೆಗೂ ಆಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಥೆ ಇಷ್ಟೇ. ಬೆಂಗಳೂರಿನ ಒಂದು ಪಿಜಿ. ಎಲ್ಲರೂ ಊರಿಗೆ ಹೋಗಿದ್ದಾರೆ, ಒಬ್ಬ ಉಳಿದಿದ್ದಾನೆ. ಒಂದು ಕಿಟಕಿ, ಒಂದು ಫೋನು. 2020ರ ಮಾರ್ಚ್ 25ರಿಂದ ಏಪ್ರಿಲ್ 14, ಒಟ್ಟು 21 ದಿನ.

ಮೊದಲು ಮಾಡಿದ್ದರಲ್ಲಿ ಮೇಲ್ಗಡೆ 'ಒಂಟಿತನ' ಅಂತ ಒಂದು ಮೀಟರ್ ಇಟ್ಟಿದ್ದೆ. ಹಾಳಾಗಿದ್ದೇ ಅದರಿಂದ. ಆಡಿದವರೆಲ್ಲ ಆಟದೊಳಗಿನ ಅಮ್ಮನಿಗೆ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಮೀಟರ್ ಇಳಿಸಿ, ಗೆದ್ದೆ ಅಂತ ಎದ್ದು ಹೋದರು! ಆರು ತಿಂಗಳ ಕೆಲಸ ಮಣ್ಣುಪಾಲು. ಮೀಟರ್ ಕಿತ್ತೆ, ಫೋನ್ ಮಾಡೋ ಬಟನ್ನೂ ಕಿತ್ತೆ. ಈಗ ಅಮ್ಮನೇ ಮಾಡಬೇಕು, ನೀವು ಕಾಯಬೇಕು. ಮಾಡಿದಾಗ "ಊಟ ಆಯ್ತಾ?" ಅನ್ನುತ್ತಾಳೆ. ಉತ್ತರಕ್ಕೆ ಮೂರು ಆಯ್ಕೆ, ಮೂರೂ ಸುಳ್ಳು. ಎಷ್ಟು ಹೊತ್ತು ಕಾಯಿಸಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ರ‍್ಯಾಂಡಮ್ ಅಂತೂ ಅಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಕನ್ನಡದ ಗೋಳು ನಿಮಗೂ ಗೊತ್ತಿರುತ್ತೆ. ನಾನು ಬಳಸಿದ್ದು ಗೊಡೊ, ಗೇಮ್ ಮಾಡೋ ಸಾಫ್ಟ್‌ವೇರ್. ಅದರ 3ನೇ ಆವೃತ್ತಿಯಲ್ಲಿ 'ಅಮ್ಮ' ಅಂತ ಬರೆದರೆ 'ಅಮ್‌ಮ' ಅಂತ ಬರುತ್ತಿತ್ತು. ಒಂದೊಂದು ಮೆಸೇಜನ್ನೂ ಚಿತ್ರ ಮಾಡಿ ಅಂಟಿಸಿದೆ, ಸುಮಾರು 400 ಆಗಿದ್ದಿರಬೇಕು. ಒಂದು ಪದ ತಿದ್ದಬೇಕಾದರೂ ಮತ್ತೆ ಫೋಟೋಶಾಪ್. 2023ರಲ್ಲಿ ಗೊಡೊ 4 ಬಂತು, ಒತ್ತಕ್ಷರ ಸರಿಯಾಗಿ ಕೂತವು. ಚಿತ್ರಗಳನ್ನೆಲ್ಲ ಅವತ್ತೇ ಡಿಲೀಟ್ ಮಾಡಿದೆ.

ದುಡ್ಡಿನ ವಿಷಯ. ಒಟ್ಟು 90 ಸಾವಿರದ ಹತ್ತಿರ ಹೋಯಿತು, ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಕಟ್ಟಿದ 100 ಡಾಲರ್ ಸೇರಿ. ಅದರಲ್ಲಿ 30 ಸಾವಿರ ಪಿಯಾನೋ ಸಂಗೀತಕ್ಕೆ, ಬಳಸಿದ್ದು ಒಂದು ಸೆಕೆಂಡೂ ಇಲ್ಲ. ಸಂಗೀತ ಕೇಳಿಸಿದ ತಕ್ಷಣ ಆ ರೂಮಲ್ಲಿ ಇನ್ಯಾರೋ ಇದ್ದಾರೆ ಅನಿಸಿಬಿಡುತ್ತಿತ್ತು. ಬದಲಿಗೆ ಪಕ್ಕದ ಮನೆ ಕುಕ್ಕರ್ ವಿಸಿಲ್, ಮೇಲಿನ ಮನೆಯವರು ಕುರ್ಚಿ ಎಳೆಯೋ ಸದ್ದು ಮೊಬೈಲಲ್ಲೇ ರೆಕಾರ್ಡ್ ಮಾಡಿ ಹಾಕಿದೆ. ಖರ್ಚು ಸೊನ್ನೆ. ಬಂದಿರೋದು ಇಲ್ಲಿಯವರೆಗೆ 60 ಸಾವಿರ ಚಿಲ್ಲರೆ.

ನನಗೆ ಹೆಮ್ಮೆ ಇರೋದು 12ನೇ ದಿನದ ಬಗ್ಗೆ. ಏಪ್ರಿಲ್ 5, ರಾತ್ರಿ 9 ಗಂಟೆ, ದೀಪ ಹಚ್ಚಿದ ದಿನ. ಹನ್ನೊಂದು ದಿನ ಎದುರಿನ ಬಿಲ್ಡಿಂಗ್ ಬರೀ ಗೋಡೆ ಥರ ಇರುತ್ತೆ. ಅವತ್ತು ಕರೆಂಟ್ ದೀಪ ಆರಿಸಿ ಒಂದೊಂದೇ ಕಿಟಕಿಯಲ್ಲಿ ಹಣತೆ ಬರುತ್ತವೆ. ಇಷ್ಟು ಜನ ಅಲ್ಲೇ ಇದ್ದರಾ ಅಂತ ಆಗ ಗೊತ್ತಾಗುತ್ತೆ. ಒಂಬತ್ತು ನಿಮಿಷ ಏನೂ ಮಾಡೋಕಿಲ್ಲ, ಸುಮ್ನೆ ನೋಡಬೇಕು. "ಒಂದು ನಿಮಿಷಕ್ಕೆ ಇಳಿಸು" ಅಂತ ಎಲ್ಲರೂ ಬೈದರು. ಇಳಿಸಲಿಲ್ಲ.

ಮೊಬೈಲ್‌ಗೂ ಒಮ್ಮೆ ತಂದು ನೋಡಿದೆ, ಕೈಬಿಟ್ಟೆ. ಟೆಸ್ಟ್ ಮಾಡುತ್ತಿದ್ದ ಹುಡುಗನಿಗೆ ನಿಜವಾಗಿಯೂ ಅವನಮ್ಮನ ಫೋನ್ ಬಂತು. ಇದೂ ಆಟದ್ದೇ ಅಂದುಕೊಂಡು ಎತ್ತಲಿಲ್ಲ.