ಮೇಷ್ಟ್ರ ಮನೆಯಲ್ಲಿ ಉಳಿದ ನನ್ನ ಹವಳ

ಮಡಿಕೇರಿಯಲ್ಲಿ ಸಮುದ್ರದ ತೊಟ್ಟಿ (ಜೀವಂತ ಹವಳ ಬೆಳೆಸುವ ಅಕ್ವೇರಿಯಂ) ಸಾಕುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ. ಮಳೆಗಾಲದಲ್ಲಿ ಗೋಡೆಗೇ ಪಾಚಿ ಹಿಡಿಯುವ ಮನೆಯಲ್ಲಿ ಇನ್ನೂರು ಲೀಟರ್ ಉಪ್ಪುನೀರು ಬೇರೆ ಯಾಕೆ ಎಂದು ಅಮ್ಮ ಈಗಲೂ ಕೇಳುತ್ತಾರೆ. ನನ್ನಲ್ಲಿರುವುದು ಮೃದು ಹವಳಗಳು ಮಾತ್ರ: ಚಾಪೆಯಂತೆ ಹಬ್ಬುವ ಜೋವಾಂತಿಡ್ (ನಾವು ಜೋವಾ ಎನ್ನುತ್ತೇವೆ), ಅಣಬೆಯಂಥ ಮಶ್ರೂಮ್, ಗ್ರೀನ್ ಸ್ಟಾರ್. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆಂದರೂ ಅವುಗಳ ತಂಟೆಗೆ ನಾನು ಹೋಗುವುದಿಲ್ಲ.

ತುಂಡು ಹಂಚುವ ವಿಚಾರ ನಮ್ಮ ಕಡೆಯವರಿಗೆ ಹೊಸದಲ್ಲ. ಮೆಣಸಿನ ಬಳ್ಳಿಯ ಹಂಬನ್ನು ಪಕ್ಕದ ತೋಟದವರಿಗೆ ಕೊಟ್ಟಿರುತ್ತೇವೆ. ನಮ್ಮ ಬಳ್ಳಿ ಸೊರಗು ರೋಗಕ್ಕೆ ಹೋದ ವರ್ಷ ಅವರಲ್ಲಿಂದಲೇ ತಂದು ನೆಡುತ್ತೇವೆ. ಹವಳವೂ ಹಾಗೆಯೇ. ಜೋವಾಂತಿಡ್ ಚಾಪೆಯಿಂದ ಐದಾರು ಬಾಯಿಗಳ (ಹೂವಿನಂತೆ ಅರಳುವ ಒಂದೊಂದು ಪುಟ್ಟ ಜೀವಿಯನ್ನು ನಾವು ಬಾಯಿ ಎಂದು ಎಣಿಸುತ್ತೇವೆ) ತುಂಡು ಕತ್ತರಿಸಿ ಕೊಟ್ಟರೆ, ಅಲ್ಲಿ ಬೆಳೆಯುವುದು ಅದೇ ಜೀವ, ಅದೇ ಬಣ್ಣ. ಇದು ಗೊತ್ತಿದ್ದೂ ಮೊದಲ ಎರಡು ವರ್ಷ ನಾನು ಜಿಪುಣನಾಗಿದ್ದೆ. ಹಸಿರು ಜೋವಾ ಧಾರಾಳವಾಗಿತ್ತು, ಕೊಟ್ಟೆ. ಕಿತ್ತಳೆ ಮಶ್ರೂಮ್ ಮೂರೇ ಇದ್ದವು, ಕೊಡಲಿಲ್ಲ.

2018ರ ಆಗಸ್ಟ್ ನಡುವಿನಲ್ಲಿ ಗುಡ್ಡಗಳು ಜಾರಿದವು. ಮದೆನಾಡು, ಜೋಡುಪಾಲದ ಕಡೆ ಮಂಗಳೂರು ರಸ್ತೆಯೇ ಕುಸಿಯಿತು. ನಮ್ಮ ಮನೆಯಲ್ಲಿ ಕರೆಂಟು ಹೋದ ಮೊದಲ ರಾತ್ರಿ ಇನ್ವರ್ಟರ್‌ನಿಂದ ಗಾಳಿಯ ಪಂಪು ಓಡಿತು. ಹೀಟರನ್ನೂ ಅದಕ್ಕೇ ಸಿಕ್ಕಿಸಿದ್ದು ನನ್ನ ದಡ್ಡತನ. ಬೆಳಗಾಗುವ ಮೊದಲೇ ಬ್ಯಾಟರಿ ಬರಿದಾಗಿತ್ತು. ಇಪ್ಪತ್ತೈದು ಡಿಗ್ರಿಯ ನೀರು ಮಧ್ಯಾಹ್ನಕ್ಕೆ ಇಪ್ಪತ್ತೊಂದಕ್ಕೆ ಇಳಿಯಿತು. ತೊಟ್ಟಿಗೆ ಕಂಬಳಿ ಸುತ್ತಿ, ಬಚ್ಚಲ ಹಂಡೆಯಿಂದ ಬಿಸಿನೀರು ತುಂಬಿದ ಬಾಟಲಿಗಳನ್ನು ಮುಚ್ಚಳ ಬಿಗಿದು ಅದರೊಳಗೆ ತೇಲಿಬಿಟ್ಟೆ, ಆರಿದಂತೆಲ್ಲ ಬದಲಿಸಿದೆ. ಮಧ್ಯೆ ಮಧ್ಯೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿದೆ. ನೀರು ಅಲುಗಾಡದೆ ನಿಂತರೆ ತಣ್ಣಗಾಗಿ ಸಾಯುವುದಕ್ಕಿಂತ ಮೊದಲು ಉಸಿರು ಕಟ್ಟಿಯೇ ಸಾಯುತ್ತವೆ.

ಮೂರನೆಯ ದಿನ ಮನೆಯ ಹಿಂದಿನ ಗುಡ್ಡದ ಬರೆಯಲ್ಲಿ ಬಿರುಕು ಕಂಡಿತು. ಎಲ್ಲರೂ ನೆಂಟರ ಮನೆಗೆ ಹೊರಟೆವು. ಒಂಬತ್ತು ದಿನ ಬಿಟ್ಟು ಬಂದು ಬಾಗಿಲು ತೆರೆದಾಗ ವಾಸನೆಯೇ ಎಲ್ಲವನ್ನೂ ಹೇಳಿತು. ಜಿಲ್ಲೆಯಲ್ಲಿ ಜನ ಮನೆಮಠ ಕಳೆದುಕೊಂಡಿರುವಾಗ ಹವಳ ಸತ್ತಿತೆಂದು ಯಾರ ಹತ್ತಿರ ಹೇಳಿಕೊಳ್ಳುವುದು? ಬಕೆಟಿನಲ್ಲಿ ತುಂಬಿ ಚರಂಡಿಗೆ ಸುರಿದೆ. (ಕಾಫಿ ಗಿಡದ ಬುಡಕ್ಕೆ ಮಾತ್ರ ಉಪ್ಪುನೀರು ಸುರಿಯಬೇಡಿ.)

ನನ್ನ ಹಸಿರು ಜೋವಾ ಇಬ್ಬರ ಹತ್ತಿರ ಇತ್ತು. ಕುಶಾಲನಗರದ ಗೆಳೆಯನ ಮನೆ ಹೊಳೆಯಂಚಿನ ಬಡಾವಣೆಯಲ್ಲಿ; ಅಲ್ಲಿ ಕಾವೇರಿಯೇ ನಡುಮನೆಗೆ ಬಂದಿದ್ದಳು. ವಿರಾಜಪೇಟೆಯ ಮೇಷ್ಟ್ರ ತೊಟ್ಟಿ ಉಳಿದಿತ್ತು. ಅಕ್ಟೋಬರಿನಲ್ಲಿ ಫೋನ್ ಮಾಡಿದರೆ, "ನಿಮ್ಮದು ಆರು ಬಾಯಿ ಇದ್ದದ್ದು ಈಗ ನಲವತ್ತಾಗಿದೆ. ತೊಟ್ಟಿ ಸಿದ್ಧ ಮಾಡಿಕೊಂಡು ಬನ್ನಿ, ಅವಸರ ಬೇಡ" ಎಂದರು. ಹೊಸ ನೀರು ಹದಕ್ಕೆ ಬರಲು ಆರು ವಾರ ಕಾದೆ. ಹದಿನೈದು ಬಾಯಿಗಳ ತುಂಡನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದೆ. ಕಿತ್ತಳೆ ಮಶ್ರೂಮ್ ಯಾರ ಮನೆಯಲ್ಲೂ ಇರಲಿಲ್ಲ. ಇವತ್ತಿಗೂ ಅದೇ ಬಣ್ಣದ್ದು ನನಗೆ ಮತ್ತೆ ಸಿಕ್ಕಿಲ್ಲ.

ಅಂದಿನಿಂದ ಯಾವ ತುಂಡು ಯಾರಲ್ಲಿ ಎನ್ನುವುದಕ್ಕಿಂತ, ಅವರ ಮನೆಗೆ ಬರುವ ಆಪತ್ತು ಯಾವುದು ಎಂದು ಮೊದಲು ನೋಡುತ್ತೇನೆ. ನನ್ನ ಬೀದಿಯ ಗೆಳೆಯನಿಗೆ ಕೊಟ್ಟರೆ ಅದು ಸ್ನೇಹ, ಬ್ಯಾಕಪ್ ಅಲ್ಲ: ನಮ್ಮಿಬ್ಬರಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಒಂದು ತುಂಡು ವಿರಾಜಪೇಟೆಯಲ್ಲಿ, ಇನ್ನೊಂದು ಘಟ್ಟದ ಮಳೆ ತಲುಪದ ಮೈಸೂರಿನಲ್ಲಿ ಇದೆ.

ಕತ್ತರಿಸುವಾಗ ಕೈಗವಸು, ಕನ್ನಡಕ ಎರಡೂ ಬೇಕೇ ಬೇಕು. ಜೋವಾಂತಿಡ್‌ಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಅದುಮಿದರೆ ರಸ ಕಣ್ಣಿಗೇ ಚಿಮ್ಮುತ್ತದೆ. ಅವು ಅಂಟಿದ ಕಲ್ಲನ್ನು ಶುಚಿ ಮಾಡಲು ಹೋಗಿ ಕುದಿಸಿದವರು ಆವಿ ಕುಡಿದು ಆಸ್ಪತ್ರೆ ಸೇರಿದ್ದುಂಟು. ನಾನು ಕಲ್ಲನ್ನು ಬೇಸಿನ್‌ಗೆ ತೆಗೆದು, ಬಾಯಿಗಳು ಮುದುಡುವವರೆಗೆ ಕಾಯುತ್ತೇನೆ. ಆಮೇಲೆ ಎರಡು ಬಾಯಿಗಳ ನಡುವಿನ ಚರ್ಮದಂಥ ಚಾಪೆಯಲ್ಲಿ ಬ್ಲೇಡ್ ಎಳೆದು, ಅಡಿಯಿಂದ ಸುಲಿದಂತೆ ಎಬ್ಬಿಸುತ್ತೇನೆ. ಬೆನ್ನು ಒರೆಸಿ, ಜೆಲ್ಲಿನಂಥ ಸೂಪರ್‌ಗ್ಲೂ ಒಂದು ಹನಿ ಹಾಕಿ ಪುಟ್ಟ ಕಲ್ಲಿಗೆ ಒತ್ತಿದರೆ ನೀರೊಳಗೂ ಹಿಡಿಯುತ್ತದೆ. ಮಶ್ರೂಮ್‌ಗೆ ಈ ಅಂಟು ನಡೆಯುವುದಿಲ್ಲ, ಲೋಳೆ ಬಿಟ್ಟು ಜಾರುತ್ತದೆ. ಅದನ್ನು ಬಾಯಿಯ ನಡುವಿಗೇ ಎರಡಾಗಿ ಸೀಳಿ, ಕಲ್ಲುಚೂರು ತುಂಬಿದ ಬಟ್ಟಲಲ್ಲಿ ಹಾಕಿ ಮೇಲೆ ಬಲೆ ಕಟ್ಟುತ್ತೇನೆ. ಒಂದೆರಡು ವಾರದಲ್ಲಿ ತಾನೇ ಯಾವುದಾದರೂ ಚೂರನ್ನು ಹಿಡಿದುಕೊಳ್ಳುತ್ತದೆ.

ಕೊಡುವವನು ತನ್ನ ತೊಟ್ಟಿಯ ರೋಗವನ್ನು ಮುಚ್ಚಿಡಬಾರದು. ಒಮ್ಮೆ ನಾನೇ ಐಪ್ಟೇಷಿಯಾ ಎಂಬ, ಕಳೆಯಂತೆ ಹಬ್ಬುವ ಕಡಲ ಹೂವನ್ನು (ಸೀ ಅನಿಮೋನ್) ಗಮನಿಸದೆ ಮೈಸೂರಿಗೆ ಕಳುಹಿಸಿದೆ. ಆ ಗೆಳೆಯ ಬೈಯಲಿಲ್ಲ. ಒಂದು ತಿಂಗಳು ಮಾತೇ ಆಡಲಿಲ್ಲ, ಅಷ್ಟೆ. ಈಗ ಹೋಗುವ ತುಂಡಿಗೂ ಬರುವ ತುಂಡಿಗೂ ಅಯೋಡಿನ್ ಸ್ನಾನ ಮಾಡಿಸುತ್ತೇನೆ. ಜೋವಾ ತಿನ್ನುವ ಹುಳುವಿನ ಮೊಟ್ಟೆ ಈ ಸ್ನಾನಕ್ಕೆ ಜಗ್ಗುವುದಿಲ್ಲ. ಆದ್ದರಿಂದ ವಾರ ಬಿಟ್ಟು ಮತ್ತೊಮ್ಮೆ ಅದ್ದಿ, ಕಾಂಡದ ಬುಡದಲ್ಲಿ ಬಿಳಿ ಸುರುಳಿ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತೇನೆ.

ದುಡ್ಡು ತೆಗೆದುಕೊಳ್ಳುವುದಿಲ್ಲ. ನೋಟ್‌ಪುಸ್ತಕದಲ್ಲಿ ತಾರೀಕು, ಬಣ್ಣ, ಎಷ್ಟು ಬಾಯಿ ಎಂದು ಬರೆಯುತ್ತೇನೆ. ತುಂಡು ಸತ್ತರೆ ಹೇಳಿಬಿಡಿ ಎನ್ನುತ್ತೇನೆ. ಬೇಸರವಾದೀತೆಂದು ಮುಚ್ಚಿಟ್ಟರೆ ನಾನು ಇಲ್ಲದ ಬ್ಯಾಕಪ್ಪನ್ನು ನಂಬಿ ಕೂತಿರುತ್ತೇನೆ.

ಕತ್ತರಿಸಿದ ಗಾಯ ಮಾಯಲು ಎರಡು ಮೂರು ವಾರ ಬೇಕು. ಹಾಗಾಗಿ ಮೇ ಮೊದಲ ವಾರವೇ ಬ್ಲೇಡ್ ಹಿಡಿಯುತ್ತೇನೆ, ಮುಂಗಾರು ಹಿಡಿಯುವುದರೊಳಗೆ ತುಂಡುಗಳು ಊರು ಬಿಟ್ಟಿರಬೇಕು. ಈ ಸಲ ಮೇಷ್ಟ್ರಿಗೆ ಎಂಟು ಬಾಯಿಗಳ ಗುಲಾಬಿ ಜೋವಾ ಎತ್ತಿಟ್ಟಿದ್ದೇನೆ. ಔಷಧಿ ಅಂಗಡಿಯವರು ಥರ್ಮೊಕೋಲ್ ಪೆಟ್ಟಿಗೆ ಇಟ್ಟಿರುತ್ತೇನೆ ಎಂದಿದ್ದಾರೆ, ಸಂಜೆ ಹೋಗಿ ತರಬೇಕು.