ವಾರ್ಡಿನ ಪಾಳಿ ಕೆಲಸ ಹಂಚುವ ಶೀಟ್: ನನ್ನ ಅನುಭವ

ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಮೂರು ಪಾಳಿ: ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಔಷಧದ ಫ್ರಿಜ್ 2ರಿಂದ 8 ಡಿಗ್ರಿಯೊಳಗೆ ಇದೆಯೇ ನೋಡಿ ಬರೆಯುವುದು, ಕ್ರ್ಯಾಶ್ ಕಾರ್ಟ್ (ತುರ್ತು ಚಿಕಿತ್ಸೆಯ ಸಾಮಗ್ರಿಯ ಗಾಡಿ), ಆಕ್ಸಿಜನ್ ಸಿಲಿಂಡರ್, ಎಕ್ಸ್‌ಪೈರಿ ತಪಾಸಣೆ: ಇವು ಯಾರ ಪಾಲಿಗೆ ಎಂಬುದನ್ನು ಈಗ ಗೂಗಲ್ ಶೀಟ್ಸ್ ನಿರ್ಧರಿಸುತ್ತದೆ.

ಫೈಲಿನಲ್ಲಿ ಮೂರು ಶೀಟ್‌ಗಳಿವೆ. ‘ರೋಸ್ಟರ್’ನಲ್ಲಿ ಒಬ್ಬರ ಒಂದು ಪಾಳಿಗೆ ಒಂದು ಸಾಲು: ದಿನಾಂಕ, ಪಾಳಿ, ಸಿಬ್ಬಂದಿ ಸಂಖ್ಯೆ. ಹೆಸರು ಟೈಪ್ ಮಾಡಿದರೆ ಕೊನೆಯಲ್ಲಿ ಉಳಿದ ಒಂದು ಸ್ಪೇಸ್ ಸಾಕು, ಲೆಕ್ಕ ತಪ್ಪುತ್ತದೆ. ಅದಕ್ಕೇ ಡ್ರಾಪ್‌ಡೌನ್‌ನಿಂದ ಸಂಖ್ಯೆ. ‘ಕೆಲಸ’ದಲ್ಲಿ ಪಾಳಿ, ಶುರುವಿನ ದಿನ, ಎಷ್ಟು ದಿನಕ್ಕೊಮ್ಮೆ ಎಂಬುದು. ಶುರುವಿನಿಂದ ಇಂದಿನವರೆಗಿನ ದಿನಗಳನ್ನು ಆ ಅಂತರದಿಂದ ಭಾಗಿಸಿ ಶೇಷ ಸೊನ್ನೆ ಬಂದರೆ (ಮಾಡ್ ಫಾರ್ಮುಲಾ) ಕೆಲಸ ಇಂದು ಇದೆ. ತಿಂಗಳಿಗೊಮ್ಮೆಯ ಕೆಲಸಕ್ಕೆ 30 ಬೇಡ, 28 ಹಾಕಿ, ಆಗ ಸೋಮವಾರದ ಕೆಲಸ ಸದಾ ಸೋಮವಾರವೇ ಬರುತ್ತದೆ. ಮೂರನೆಯದು ‘ದಾಖಲೆ’: ಯಾವ ದಿನ, ಯಾವ ಪಾಳಿಯಲ್ಲಿ ಯಾವ ಕೆಲಸ ಯಾರಿಗೆ ಬಂತು, ಯಾವಾಗ ಮುಗಿಯಿತು ಎಂಬುದು.

ಸರದಿಯ ಪ್ರಕಾರ ಹೆಸರು ತಿರುಗಿಸುವುದು ಸುಲಭವೆನಿಸುತ್ತದೆ, ಆದರೆ ನಿಲ್ಲುವುದಿಲ್ಲ. ಏಳು ಜನರ ಪಟ್ಟಿಯನ್ನು ದಿನಕ್ಕೊಂದು ಹೆಸರಿನಂತೆ ತಿರುಗಿಸಿದರೆ, ಏಳು ದಿನಕ್ಕೊಮ್ಮೆ ಬರುವ ಕೆಲಸ ಸದಾ ಒಬ್ಬರಿಗೇ ಬೀಳುತ್ತದೆ. ರಜೆ, ನೈಟ್ ಆಫ್ ಬಂದರೆ ಡ್ಯೂಟಿಯಲ್ಲಿಲ್ಲದವರ ಹೆಸರು ಬರುತ್ತದೆ. ಹಾಗಾಗಿ ಆ ಪಾಳಿಯಲ್ಲಿ ಇರುವವರ ಪೈಕಿ ಆ ಕೆಲಸ ಮಾಡಿ ಹೆಚ್ಚು ದಿನವಾದವರಿಗೇ ಅದನ್ನು ಕೊಡುತ್ತೇನೆ. ಅದನ್ನು ಮಾಡಿದ ಕೊನೆಯ ದಿನಾಂಕ ಮ್ಯಾಕ್ಸ್‌ಇಫ್ಸ್‌ನಿಂದ (ಷರತ್ತಿಗೆ ಹೊಂದುವ ಸಾಲುಗಳಲ್ಲಿ ಅತಿ ದೊಡ್ಡದನ್ನು ಕೊಡುವ ಫಾರ್ಮುಲಾ) ಸಿಗುತ್ತದೆ. ಅತಿ ಹಳೆಯ ದಿನಾಂಕದವರೇ ಆಯ್ಕೆ. ಹೊಸದಾಗಿ ಸೇರಿದವರಿಗೆ ಮ್ಯಾಕ್ಸ್‌ಇಫ್ಸ್ ಸೊನ್ನೆ, ಅಂದರೆ ಎಲ್ಲಕ್ಕಿಂತ ಹಳೆಯ ದಿನಾಂಕ, ಕೊಡುವುದರಿಂದ ಎಲ್ಲ ಕೆಲಸವೂ ಅವರ ತಲೆಗೇ ಬರುತ್ತದೆ. ಪಾಳಿಗೆ ಒಬ್ಬರಿಗೆ ಎರಡೇ ಕೆಲಸ ಎಂಬ ಮಿತಿ ಬೇಕು, ಕ್ರ್ಯಾಶ್ ಕಾರ್ಟ್‌ಗೆ ತರಬೇತಿ ಆದವರ ಪಟ್ಟಿ ಬೇರೆಯೇ ಬೇಕು. ಲೆಕ್ಕಕ್ಕೆ ‘ಮುಗಿದ ಸಮಯ’ ತುಂಬಿದ ಸಾಲುಗಳು ಮಾತ್ರ. ಬಿಟ್ಟವರಿಗೆ ಆ ಕೆಲಸ ಮತ್ತೆ ಬರುವುದು ನ್ಯಾಯವೇ.

ನೈಟ್‌ನಲ್ಲಿ 12 ಗಂಟೆ ದಾಟಿದೊಡನೆ ದಿನಾಂಕ ಬದಲಾಗಿ ಅರ್ಧ ಪಾಳಿ ಮರುದಿನಕ್ಕೆ ಸೇರುತ್ತದೆ. ‘ಈಗಿನ ಸಮಯ’ದಿಂದ 8/24 (ದಿನದ ಲೆಕ್ಕದಲ್ಲಿ ಎಂಟು ಗಂಟೆ) ಕಳೆದು ಪೂರ್ಣಾಂಕ ತೆಗೆದುಕೊಂಡರೆ ನಸುಕಿನ 3 ಗಂಟೆಯೂ ಹಿಂದಿನ ದಿನದ ಲೆಕ್ಕದಲ್ಲೇ ಉಳಿಯುತ್ತದೆ. ಬೆಳಿಗ್ಗೆ 8ಕ್ಕೆ ಮುಂಚೆಯೇ ನಡೆಯುವ ಬೆಳಗಿನ ಪಾಳಿಯ ಹಂಚಿಕೆಗೆ ಮಾತ್ರ ಹೀಗೆ ಕಳೆಯದೆ ಆ ದಿನದ ದಿನಾಂಕವನ್ನೇ ಬಳಸಿ.

ಇಂದಿನ ದಿನಾಂಕಕ್ಕೆ ಕಟ್ಟಿದ ಫಾರ್ಮುಲಾದ ಉತ್ತರ ನಾಳೆ ಬೇರೆಯಾಗುತ್ತದೆ. ಆದ್ದರಿಂದ ಆಪ್ಸ್ ಸ್ಕ್ರಿಪ್ಟ್ (ಶೀಟಿಗೆ ಜೋಡಿಸಿ ಬರೆದ ಪುಟ್ಟ ಪ್ರೋಗ್ರಾಂ) ಪಾಳಿಗೆ ಮುಂಚೆ ಉತ್ತರವನ್ನು ಬರೀ ಮೌಲ್ಯವಾಗಿ ‘ದಾಖಲೆ’ಗೆ ನಕಲಿಸಿ ಮೇಲ್ ಕಳಿಸುತ್ತದೆ. ಆ ದಿನಾಂಕ, ಪಾಳಿ ಆಗಲೇ ಇದ್ದರೆ ಮತ್ತೆ ಬರೆಯಬಾರದೆಂಬ ಷರತ್ತು ಅದರಲ್ಲಿರಲಿ. ಬೆಳಿಗ್ಗೆ 6ರಿಂದ 7 ಎಂದು ಟ್ರಿಗರ್ (ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ಏರ್ಪಾಡು) ಇಟ್ಟರೆ ಅದು ಆ ಗಂಟೆಯಲ್ಲಿ ಯಾವ ನಿಮಿಷಕ್ಕಾದರೂ ಓಡಬಹುದು, ಆದ್ದರಿಂದ 7ರಿಂದ 8 ಇಡಬೇಡಿ. ಸಮಯವಲಯವನ್ನು ಶೀಟಿನಲ್ಲೂ ಸ್ಕ್ರಿಪ್ಟಿನಲ್ಲೂ ಬೇರೆಬೇರೆಯಾಗಿ ಭಾರತಕ್ಕೆ ಹೊಂದಿಸಬೇಕು. ಟ್ರಿಗರ್ ಓಡುವುದು ಅದನ್ನು ಮಾಡಿದವರ ಖಾತೆಯಲ್ಲಿ. ಅವರು ಕೆಲಸ ಬಿಟ್ಟು ಖಾತೆ ಮುಚ್ಚಿದರೆ ಹಂಚಿಕೆಯೂ ನಿಲ್ಲುತ್ತದೆ. ವಾರ್ಡಿನ ಹೆಸರಿನ ಖಾತೆಯಿಂದಲೇ ಮಾಡಿ, ಪಾಸ್‌ವರ್ಡ್ ಇನ್‌ಚಾರ್ಜ್ ಸಿಸ್ಟರ್ ಬಳಿ ಇರಲಿ.